ಮೈ ಒಲ್ಲದ ಮದ್ದು

ಕಪಿಲಾ ನದಿಯ ದಂಡೆಯಲ್ಲಿ ಒಂದು ಪುಟ್ಟ ಆಶ್ರಮ. ಅಲ್ಲಿ ಮರಿಸಿದ್ದಯ್ಯ ಅನ್ನುವ ಗುರು ಗಿಡಮೂಲಿಕೆಯ ಮದ್ದು ಕೊಡುತ್ತಿದ್ದರು. ಸುತ್ತಲ ಊರಿನ ಜನ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ‘ಬುದ್ಧಿ’.

ಶಿಷ್ಯನ ಹೆಸರು ಶಾಂತಮಲ್ಲ. ಕೆಟ್ಟವನಲ್ಲ, ಅವಸರದವನು. ಕೆಟ್ಟವರ ಅವಸರವನ್ನಾದರೂ ಹೇಗೋ ತಡೆಯಬಹುದು. ಒಳ್ಳೆಯದು ಮಾಡಲು ಹೊರಟವನ ಅವಸರವಿದೆಯಲ್ಲ, ಅದು ಯಾರ ಕೈಗೂ ಸಿಗುವುದಿಲ್ಲ.

ಗುರುವಿನದು ಒಂದು ರೂಢಿ. ಮದ್ದಿಗೆ ಯಾರೇ ಬರಲಿ, ಮೊದಲು ಒಲೆಯ ಮೇಲೆ ಅನ್ನಕ್ಕೆ ಇಡಿಸುತ್ತಿದ್ದರು. ಬಂದವರ ಮೊಣಕೈಯ ಒಳಮಗ್ಗುಲಿಗೆ ಮದ್ದನ್ನು ಚೂರು ಹಚ್ಚಿ, ಹೊಂಗೆ ಮರದ ಕೆಳಗೆ ಕೂರಿಸುತ್ತಿದ್ದರು. ಅನ್ನ ಬೇಯುವ ತನಕ ಮಾತು. ಏನು ಕೆಲಸ ಮಾಡ್ತೀಯ? ಯಾವುದು ತಿಂದರೆ ಆಗಲ್ಲ? ಚಿಕ್ಕಂದಿನಲ್ಲಿ ನಿಮ್ಮವ್ವ ನಿನಗೆ ಏನು ಕೊಡ್ತಿರಲಿಲ್ಲ?

ಅನ್ನ ಬೆಂದ ಮೇಲೆ ತೋಳು ನೋಡಿ, ಊಟ ಹಾಕಿಸಿ, ಆಮೇಲೆ ಮದ್ದು.

ಶಾಂತಮಲ್ಲನಿಗೆ ಇದು ನೋಡಿ ನೋಡಿ ಸಾಕಾಗಿತ್ತು.

“ಬುದ್ಧಿ, ಇದೇನು ಹೆಣ್ಣು ನೋಡೋ ಶಾಸ್ತ್ರವಾ?” ಅಂತ ಒಮ್ಮೆ ಕೇಳಿಯೇಬಿಟ್ಟ.

“ಅದಕ್ಕಿಂತ ದೊಡ್ಡದು ಕಣಯ್ಯ. ಗಂಡ ಹೆಂಡತಿ ಒಗ್ಗದಿದ್ರೆ ಬೇರೆ ಇರಬಹುದು. ನುಂಗಿದ ಮದ್ದು ಒಗ್ಗದಿದ್ರೆ ಎಲ್ಲಿಗೆ ಕಳಿಸ್ತೀಯ?”

“ನಾವು ಕೊಡೋದು ಬರೀ ಗಿಡ ಬುದ್ಧಿ. ಭೂಮಿತಾಯಿ ಕೊಟ್ಟದ್ದು. ಅದು ಕೆಡುಕು ಮಾಡುತ್ತಾ?”

“ತುರಿಕೆ ಸೊಪ್ಪನ್ನ ಯಾರು ಕೊಟ್ಟಿದ್ದು? ನಿಮ್ಮ ಸೋದರಮಾವನಾ?”

ಶಾಂತಮಲ್ಲ ನಕ್ಕ. ನಕ್ಕದ್ದಷ್ಟೇ ಲಾಭ.

ಒಂದು ಸೋಮವಾರ ಗುರು ಪಕ್ಕದ ಊರಿನಲ್ಲಿ ಹಾಸಿಗೆ ಹಿಡಿದಿದ್ದ ಒಬ್ಬರನ್ನು ನೋಡಲು ಹೊರಟರು.

“ಬಂದವರಿಗೆ ಅನ್ನ ಹಾಕು, ಮಾತಾಡಿಸು. ಮದ್ದು ನಾನು ಬಂದ ಮೇಲೆ,” ಅಂದರು.

“ಆಗಲಿ ಬುದ್ಧಿ.”

ಜನ ಬಂದರು. ಬರುತ್ತಲೇ ಇದ್ದರು. ಬಿಸಿಲು ಏರಿತು. ಒಬ್ಬಳ ಮಗು ಅಳತೊಡಗಿತು, ಇನ್ನೊಬ್ಬನಿಗೆ ಬಸ್ಸು ತಪ್ಪುತ್ತಿತ್ತು. ಶಾಂತಮಲ್ಲನಿಗೆ ಪಾಪ ಅನ್ನಿಸಿತು. ಗರುಗದ ಸೊಪ್ಪಿನ, ಅದೇ ಭೃಂಗರಾಜದ, ಲೇಹ್ಯ ಹೊಸದಾಗಿ ಕಾಯಿಸಿದ್ದು ಜಾಡಿಯ ತುಂಬ ಇತ್ತು. ಕೂದಲಿಗೆ, ಸುಸ್ತಿಗೆ, ಪಿತ್ತಕ್ಕೆ ಎಲ್ಲಕ್ಕೂ ಆಗುವಂಥದ್ದು. ಅವನು ಜಾಡಿಯ ಬಾಯಿ ಬಿಚ್ಚಿದ.

ತಿಂದವರು ಕೈಮುಗಿದು ಹೋದರು. ಯಾರಿಗೂ ಏನೂ ಆಗಲಿಲ್ಲ. ಅವನ ಕೈ ಇನ್ನೂ ಚುರುಕಾಯಿತು.

ಆಮೇಲೆ ಕೆಂಪಾಜಮ್ಮ ಸೊಸೆಯನ್ನು ಕರೆದುಕೊಂಡು ಬಂದಳು. ಹೂವಾಡಿಗರ ಮನೆಯವರು. ಊರಿನ ಅಮ್ಮನವರ ಗುಡಿಗೆ ದಿನಾ ಸೇವಂತಿಗೆ ಹಾರ ಕಟ್ಟಿಕೊಡುವುದು ಆ ಮನೆಯ ಸೇವೆ. ಸೊಸೆಯ ಹೆಸರು ಮಾದೇವಿ. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

“ನಮ್ಮಿಬ್ರಿಗೂ ತಲೆಗೆ ಕೈ ಹಾಕಿದ್ರೆ ಕೂದಲು ಹಿಡಿ ಹಿಡಿ ಕಿತ್ಕೊಂಡು ಬತ್ತದೆ ಸ್ವಾಮಿ. ಏನಾರ ಕೊಡಿ,” ಅಂದಳು ಕೆಂಪಾಜಮ್ಮ.

ಶಾಂತಮಲ್ಲ ಅತ್ತೆಗೂ ಒಂದು ಉಂಡೆ ಕೊಟ್ಟ, ಸೊಸೆಗೂ ಒಂದು ಉಂಡೆ ಕೊಟ್ಟ. ಅತ್ತೆ ಗುಳುಕ್ಕನೆ ನುಂಗಿದಳು. ಮಾದೇವಿ ಉಂಡೆ ಹಿಡಿದು ನಿಂತಳು. ಅವಳ ಬೆರಳ ತುದಿಗಳು ಕೆಂಪಾಗಿ ಸೀಳಿದ್ದವು. ಶಾಂತಮಲ್ಲ ನೋಡಿದ. ಪಾಪ, ಎಷ್ಟು ದುಡಿಯುತ್ತಾಳೆ ಅಂದುಕೊಂಡ.

“ಸ್ವಾಮಿ, ನಂಗೆ ಒಂದೊಂದ್ಸಲ…” ಅಂತ ಮಾದೇವಿ ಶುರು ಮಾಡಿದಳು.

“ಸೊಪ್ಪಮ್ಮ ಇದು, ಸೊಪ್ಪು. ಹೆದರಬೇಡ.”

“ಅಲ್ಲ ಸ್ವಾಮಿ, ಮೈಯೆಲ್ಲ…”

“ತಿನ್ನೇ ಸುಮ್ನೆ,” ಅಂದಳು ಅತ್ತೆ. “ಆಶ್ರಮದ ಪ್ರಸಾದ ಕೈಯಲ್ಲಿ ಇಟ್ಕೊಂಡು ಕತೆ ಹೇಳ್ತಾವ್ಳೆ.”

ಮಾದೇವಿ ತಿಂದಳು.

ನದಿಯ ಮೆಟ್ಟಿಲ ತನಕವೂ ಹೋಗಲಿಲ್ಲ. ತುಟಿ ಕೆರೆದುಕೊಂಡಳು. ಕುತ್ತಿಗೆ ಕೆರೆದುಕೊಂಡಳು. ನೋಡನೋಡುತ್ತ ತುಟಿ ಊದಿತು, ಕಣ್ಣು ಊದಿ ಮುಚ್ಚಿಕೊಂಡವು. ಎದೆಯಿಂದ ಸುಯ್ಯ್ ಸುಯ್ಯ್ ಅಂತ ಸದ್ದು ಬಂತು. ಅವಳು ಮೆಟ್ಟಿಲ ಮೇಲೆ ಕುಸಿದಳು.

ಅಷ್ಟು ಹೊತ್ತಿಗೆ ಗುರು ಹಿಂದಿರುಗಿದ್ದರು. ಅವಳ ಮುಖ ನೋಡಿದರು, ಜಾಡಿ ನೋಡಿದರು. ಬೈಯಲಿಲ್ಲ.

“ಬುದ್ಧಿ, ಶುಂಠಿ ಕಷಾಯ ಕಾಯಿಸ್ತೀನಿ, ಈಗಲೇ ತರ್ತೀನಿ…”

“ಒಲೆ ಹತ್ತಿರ ಹೋಗಬೇಡ. ರಸ್ತೆಗೆ ಓಡು. ಯಾವ ಗಾಡಿ ಸಿಕ್ಕಿದ್ರೂ ನಿಲ್ಲಿಸು.”

“ಆಸ್ಪತ್ರೆಗಾ ಬುದ್ಧಿ? ನಮ್ಮ ಹತ್ತಿರ ಮದ್ದೇ ಇಲ್ವಾ?”

“ಉಸಿರು ನಿಲ್ಲೋವಾಗ ಬೇರು ತೇಯ್ತಾ ಕೂರೋ ಹಾಗಿಲ್ಲ. ಓಡೋ!”

ಶಾಂತಮಲ್ಲ ಓಡಿದ. ಇಟ್ಟಿಗೆ ತುಂಬಿದ ಟೆಂಪೋ ಒಂದು ಸಿಕ್ಕಿತು. ಗುರು ತಾವೇ ಅವಳನ್ನು ಎತ್ತಿಕೊಂಡು ಬಂದು ಡ್ರೈವರ್ ಪಕ್ಕದಲ್ಲಿ ಕೂರಿಸಿಕೊಂಡರು. ಶಾಂತಮಲ್ಲ, ಕೆಂಪಾಜಮ್ಮ ಇಟ್ಟಿಗೆಯ ಮೇಲೆ ಹತ್ತಿ ಕೂತರು. ತಾನು ಕೊಟ್ಟ ಉಂಡೆ ಒಂದು ಹೆಣ್ಣಿನ ಜೀವ ತೆಗೆಯುತ್ತಿದೆ, ದಾರಿಯುದ್ದಕ್ಕೂ ಅವನಿಗೆ ಅಷ್ಟೇ ಗೊತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಒಂದು ಮಾತೂ ಆಡದೆ ತೊಡೆಗೆ ಇಂಜೆಕ್ಷನ್ ಚುಚ್ಚಿದರು. ಮೂಗಿಗೆ ಆಮ್ಲಜನಕ ಹಿಡಿದರು. ಸ್ವಲ್ಪ ಹೊತ್ತಿಗೆ ಎದೆಯ ಸುಯ್ಯ್ ಸದ್ದು ಇಳಿಯಿತು. ಮಾದೇವಿ ನೀರು ಕೇಳಿದಳು.

ಶಾಂತಮಲ್ಲ ಕಾರಿಡಾರಿನ ಗೋಡೆಗೆ ಒರಗಿ ಗೊಳೋ ಅಂತ ಅತ್ತ. ಅತ್ತು ಮುಗಿದ ಮೇಲೆ ಅವನಿಗೆ ಬೇರೆ ಯೋಚನೆ ಹತ್ತಿತು.

“ಬುದ್ಧಿ, ಆಶ್ರಮದಿಂದ ಆಸ್ಪತ್ರೆಗೆ ಹೊತ್ಕೊಂಡು ಬಂದ್ರು ಅಂತ ಆಗುತ್ತಲ್ಲ. ಜನ ಏನಂದಾರು?”

“ಬದುಕಿದಳು ಅಂತಾರೆ,” ಅಂದರು ಗುರು.

ಮಾರನೆಯ ದಿನ ಗುರು ಅವನ ಎರಡು ಕೈಯಲ್ಲಿ ಎರಡು ಹೂವು ಇಟ್ಟರು. ಒಂದು ಕೈಯಲ್ಲಿ ಹಳದಿ ಸೇವಂತಿಗೆ. ಇನ್ನೊಂದರಲ್ಲಿ ಗರುಗದ ಗಿಡದ ಪುಟ್ಟ ಬಿಳಿ ಹೂವು, ಅಕ್ಕಿಕಾಳಿಗಿಂತ ಚೂರು ದೊಡ್ಡದು.

“ಬಿಡಿಸು.”

ಶಾಂತಮಲ್ಲ ಸೇವಂತಿಗೆಯ ಎಸಳು ಕಿತ್ತ. ಒಂದೊಂದು ಎಸಳಿನ ಬುಡದಲ್ಲೂ ಒಂದೊಂದು ಸಣ್ಣ ಕೊಳವೆ. ಎಸಳು ಅಂದುಕೊಂಡಿದ್ದು ಎಸಳಲ್ಲ, ಒಂದೊಂದೂ ಒಂದೊಂದು ಹೂವು. ಗರುಗದ್ದನ್ನು ಉಗುರಿನಿಂದ ಬಿಡಿಸಿದ. ಅಲ್ಲೂ ಅದೇ ಸಂಸಾರ. ಒಂದು ಹೂವಿನೊಳಗೆ ನೂರಾರು.

“ಏನು ಕಾಣುತ್ತೆ?”

“ಎರಡೂ ಒಂದೇ ಥರ ಬುದ್ಧಿ.”

“ದಾಯಾದಿಗಳು. ಒಬ್ಬರ ಮನೆ ಜೊತೆ ಜಗಳ ಇದ್ರೆ ದಾಯಾದಿ ಮನೆ ಜೊತೆಗೂ ಇರಬಹುದು. ಇದ್ದೇ ಇರಬೇಕು ಅಂತಿಲ್ಲ. ಆದ್ರೆ ಕೇಳಬೇಕು. ಆ ಹುಡುಗಿ ದಿನಾ ಏನು ಕಟ್ತಾಳೆ?”

ಸೀಳಿದ ಬೆರಳುಗಳು ಶಾಂತಮಲ್ಲನ ಕಣ್ಣಮುಂದೆ ಬಂದವು.

“ಸೇವಂತಿಗೆ.”

“ಕೈ ಏನು ಹೇಳ್ತಿತ್ತು?”

“ಒಗ್ಗಲ್ಲ ಅಂತ.”

“ನಿನಗೆ ಏನು ಕೇಳಿಸ್ತು?”

“ದುಡಿಮೆ ಅಂತ.”

ಶಾಂತಮಲ್ಲ ತಡೆಯಲಾರದೆ ಕೇಳಿದ.

“ಹಾಗಾದ್ರೆ ಗರುಗ ಕೆಟ್ಟದ್ದಾ ಬುದ್ಧಿ?”

“ಅಷ್ಟು ಜನ ತಿಂದು ಹೋಗಲಿಲ್ವೇನೋ?”

“ಹಾಗಾದ್ರೆ ಅವಳ ಮೈಯಲ್ಲೇ ಏನೋ ಐಬು ಇರಬೇಕು.”

ಗುರು ಅವನನ್ನು ದಿಟ್ಟಿಸಿ ನೋಡಿದರು. ಎದ್ದು ಹೊಳೆಗೆ ಹೋದರು.

ಕೆಲವು ದಿನ ಕಳೆದವು. ಶಾಂತಮಲ್ಲ ಬಾಳೆಎಲೆ ತರಲು ಸಂತೆಬೀದಿಗೆ ಹೋಗಿದ್ದ. ಎಲೆ ಮಾರುವ ಶಿವರುದ್ರನಿಗೆ ಆಶ್ರಮದ ಮೇಲೆ ಬಹಳ ಭಕ್ತಿ.

“ನೀವೇನೂ ಮನಸಿಗೆ ಹಚ್ಕೋಬೇಡಿ ಸ್ವಾಮಿ,” ಅಂದ ಅವನು. “ತಪ್ಪು ನಿಮ್ಮ ಮದ್ದಿಂದಲ್ಲ ಅಂತ ಊರಿಗೇ ಗೊತ್ತಾಗಿದೆ. ಅಮೃತದಂಥ ಪ್ರಸಾದ. ಊರೆಲ್ಲ ತಿಂದ್ರೂ ಏನೂ ಆಗ್ಲಿಲ್ಲ, ಅವಳೊಬ್ಬಳಿಗೇ ಯಾಕೆ ವಿಷ ಆಯ್ತು? ಏನೋ ಪಾಪದ ಮೈ. ಅಂಥ ಕೈ ಕಟ್ಟಿದ ಹಾರ ಅಮ್ಮನ ಕೊರಳಿಗೆ ಹಾಕೋದು ಹೆಂಗೆ? ಕೆಂಪಾಜಮ್ಮ ಅವಳನ್ನ ತವರಿಗೆ ಕಳಿಸ್ತಾವ್ಳಂತೆ. ಮಗನಿಗೆ ಬೇರೆ ಹೆಣ್ಣು ನೋಡ್ತಾರಂತೆ.”

ಶಾಂತಮಲ್ಲ ಎಲೆಯ ಕಟ್ಟು ಹೆಗಲಿಗೇರಿಸಿಕೊಂಡು ಬಂದ. ಅವನ ಹೆಗಲು ಹಗುರವಾಗಿತ್ತು. ಛೇ, ಹೇಳಲು ನಾಚಿಕೆ, ಆದರೂ ಹಗುರವಾಗಿತ್ತು. ಬಂದವನೇ ಗುರುವಿಗೆ ಒಂದೂ ಬಿಡದೆ ಒಪ್ಪಿಸಿದ.

“ನಿನಗೆ ಸಮಾಧಾನ ಆಯ್ತಾ?” ಅಂತ ಗುರು ಕೇಳಿದರು.

ಶಾಂತಮಲ್ಲ ಸುಳ್ಳು ಹೇಳುವವನಲ್ಲ. ತಲೆ ತಗ್ಗಿಸಿದ.

“ಆಯ್ತು ಬುದ್ಧಿ.”

“ಅವಳು ಉಸಿರು ಕಳಕೊಂಡಿದ್ದು ನಿನ್ನ ಕೈಯಿಂದ. ಮನೆ ಕಳಕೊಳ್ಳೋದು ನಿನ್ನ ಸಮಾಧಾನದಿಂದ. ಏಳು, ನಡಿ.”

ಹೂವಾಡಿಗರ ಮನೆ ತಲುಪುವ ಹೊತ್ತಿಗೆ ಮಾದೇವಿಯ ಗಂಟು ಜಗಲಿಯ ಮೇಲಿತ್ತು. ಗಂಡ ಅಂಗಳದಲ್ಲಿ ಸೈಕಲ್ ಹಿಡಿದು ನಿಂತಿದ್ದ. ಬಾಯಿ ಇದ್ದೂ ಇಲ್ಲದವನು. ಬಾಗಿಲಲ್ಲಿ ಅಕ್ಕಪಕ್ಕದವರು ಸೇರಿದ್ದರು, ಇಂಥದ್ದಕ್ಕೆ ಯಾರೂ ಕರೆಯಬೇಕಾಗಿಲ್ಲವಲ್ಲ. ಶಿವರುದ್ರನೂ ಇದ್ದ.

ಗುರುವನ್ನು ನೋಡಿ ಎಲ್ಲರೂ ದಡಬಡಿಸಿ ಎದ್ದರು. ಕೆಂಪಾಜಮ್ಮ ಕಾಲಿಗೆ ಬಿದ್ದಳು.

“ಬುದ್ಧಿ, ನಮ್ಮ ಮನೆ ಹೆಣ್ಣಿಂದ ಆಶ್ರಮಕ್ಕೆ ಕೆಟ್ಟ ಹೆಸರು ಬರೋ ಹಂಗಾಯ್ತು. ಹೊಟ್ಟೆಗೆ ಹಾಕ್ಕೊಳ್ಳಿ.”

ಗುರು ಶಿಷ್ಯನ ಕಡೆ ನೋಡಿದರು. ಶಾಂತಮಲ್ಲ ಒಂದು ಹೆಜ್ಜೆ ಮುಂದೆ ಬಂದ.

“ಅವ್ವ, ಇವಳದೇನೂ ತಪ್ಪಿಲ್ಲ,” ಅಂದ. “ತಪ್ಪು ನನ್ನದು. ಮದ್ದು ಕೊಡಬೇಡ ಅಂದಿದ್ರು ಬುದ್ಧಿ, ನಾನು ಕೊಟ್ಟೆ. ಏನು ಒಗ್ಗಲ್ಲ ಅಂತ ಕೇಳಬೇಕಿತ್ತು, ಕೇಳಲಿಲ್ಲ. ಇವಳಾಗೇ ಹೇಳೋಕೆ ಬಂದಳು, ಬಾಯಿ ಮುಚ್ಚಿಸಿದೆ.”

“ನಾನೂ ಮುಚ್ಚಿಸಿದೆ ಬುಡಿ. ಆದ್ರೆ ಸ್ವಾಮಿಯೋರದು ದೊಡ್ಡ ಮನಸು. ನಮ್ಮ ಹುಳುಕನ್ನ ತಮ್ಮ ತಲೆ ಮೇಲೆ ಹಾಕ್ಕೊತಾವ್ರೆ.” ಕೆಂಪಾಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳೂ ಕಲ್ಲಲ್ಲ. “ಅದೇ ಜಾಡೀದು ನಾನೂ ತಿಂದೆ ಬುದ್ಧಿ. ನಂಗೇನಾಯ್ತು? ಯಾರಿಗೇನಾಯ್ತು? ದೇವರಂಥ ಮದ್ದು ಇವಳ ಮೈಯನ್ನೇ ಯಾಕೆ ಒಲ್ಲೆ ಅಂತು, ಹೇಳಿ?”

“ಮದ್ದು ಒಲ್ಲೆ ಅನ್ನಲಿಲ್ಲವ್ವ. ಮೈ ಒಲ್ಲೆ ಅಂತು,” ಅಂದರು ಗುರು.

“ಎರಡೂ ಒಂದೇ ಅಲ್ವಾ ಬುದ್ಧಿ?”

ಮಾದೇವಿ ಕಂಬದ ಹಿಂದಿನಿಂದ ಮೆಲ್ಲಗೆ ಹೇಳಿದಳು. “ನನ್ನ ಮೈಯೇ ಸರಿ ಇಲ್ಲ ಬುದ್ಧಿ. ಸೇವಂತಿಗೆ ಮುಟ್ಟಿದ್ರೂ ಉರಿ ಏಳ್ತದೆ. ದೇವರ ಹೂವು ಅದು. ಹೇಳಿದ್ರೆ ಏನಂತಾರೋ ಅಂತ ಬಾಯಿ ಮುಚ್ಕೊಂಡಿದ್ದೆ. ನಾನು ಹೊಯ್ತೀನಿ ಬುಡಿ.”

ಶಾಂತಮಲ್ಲನಿಗೆ ಕಣ್ಣೀರು ಬಂತು. ಈ ಸಲ ತನಗಾಗಿ ಅಲ್ಲ.

ಗುರು ದೇವರಗೂಡಿನ ಹತ್ತಿರ ಹೋದರು. ದೀಪಕ್ಕೆ ಹಾಕುವ ಎಣ್ಣೆಯ ಬಟ್ಟಲು ಅಲ್ಲಿತ್ತು.

“ಯಾವ ಎಣ್ಣೆ ಇದು ಕೆಂಪಾಜಮ್ಮ?”

“ಎಳ್ಳೆಣ್ಣೆ ಬುದ್ಧಿ. ಗಾಣದ್ದು.”

ಗುರು ಅದರಲ್ಲಿ ಬೆರಳದ್ದಿದರು.

“ಅಯ್ಯಯ್ಯೋ ಬುದ್ಧಿ!” ಅಂತ ಜನರೆಲ್ಲ ಕೂಗಿಕೊಂಡರು.

ಕೂಗಲು ಕಾರಣವಿತ್ತು. ಮರಿಸಿದ್ದಯ್ಯ ಎಳ್ಳು ಮುಟ್ಟಿದ್ದನ್ನು ಯಾರೂ ನೋಡಿರಲಿಲ್ಲ. ಸಂಕ್ರಾಂತಿಗೆ ಜನ ಎಳ್ಳುಬೆಲ್ಲ ತಂದರೆ ದೂರದಿಂದ ಕೈಮುಗಿದು, ಮಕ್ಕಳಿಗೆ ಹಂಚಿಸಿಬಿಡುತ್ತಿದ್ದರು. ಅದು ಅವರ ವ್ರತ, ಘನವಾದ ವ್ರತ ಅಂತ ಸುತ್ತಲ ಊರಿಗೆಲ್ಲ ಗೊತ್ತು. ಶಾಂತಮಲ್ಲನಂತೂ ಆಶ್ರಮ ಸೇರಿದ ವರ್ಷವೇ ಎಳ್ಳು ಬಿಟ್ಟಿದ್ದ. ಊರಿನ ಎಷ್ಟೋ ಭಕ್ತರೂ ಬಿಟ್ಟಿದ್ದರು. ಶಿವರುದ್ರನ ಹೆಂಡತಿ ಚಟ್ನಿಪುಡಿಗೂ ಎಳ್ಳು ಹಾಕುತ್ತಿರಲಿಲ್ಲ.

ಗುರು ಮೊಣಕೈಯ ಒಳಮಗ್ಗುಲಿಗೆ ಎಣ್ಣೆ ಸವರಿಕೊಂಡು ಜಗಲಿಯ ಮೇಲೆ ಕೂತರು.

“ಒಲೆ ಮೇಲೆ ಅನ್ನಕ್ಕೆ ಇಡಮ್ಮ ಮಾದೇವಿ,” ಅಂದರು.

ಅನ್ನ ಕುದಿಯುವ ತನಕವೂ ಬೇಕಾಗಲಿಲ್ಲ. ಗುರುವಿನ ತೋಳಿನ ಮೇಲೆ ದದ್ದು ಎದ್ದವು. ಮೊದಲು ಸಾಸಿವೆಯಷ್ಟು, ಆಮೇಲೆ ಅವರೆಕಾಳಿನಷ್ಟು. ತೋಳು ಕೆಂಪೇರಿತು. ಗುರು ಕೆರೆದುಕೊಳ್ಳದೆ ಹಲ್ಲು ಕಚ್ಚಿ ಕೂತಿದ್ದರು.

“ವ್ರತಭಂಗ ಆಗೋಯ್ತಲ್ಲ ಬುದ್ಧಿ! ಅದಕ್ಕೇ ಹಿಂಗಾಯ್ತು!” ಅಂತ ಕೆಂಪಾಜಮ್ಮ ಎದೆ ಬಡಿದುಕೊಂಡಳು.

“ವ್ರತ ಅಂತ ಯಾರವ್ವ ಹೇಳಿದ್ದು?”

ಯಾರು ಹೇಳಿದ್ದು ಅಂತ ಯಾರಿಗೂ ಗೊತ್ತಿರಲಿಲ್ಲ.

“ಚಿಕ್ಕಂದಿನಲ್ಲಿ ಒಂದು ಎಳ್ಳಿನ ಚಿಗಳಿ ಉಂಡೆ ತಿಂದು ಸಾಯೋ ಹಾಗೆ ಆಗಿದ್ದೆ. ಇವಳಿಗೆ ಆಯ್ತಲ್ಲ, ಅದೇ ಸುಯ್ಯ್ ಸುಯ್ಯ್. ಹಚ್ಚಿದ್ರೆ ಇಷ್ಟು, ತಿಂದ್ರೆ ಉಸಿರೇ ಹೋಗುತ್ತೆ. ಅದಕ್ಕೆ ಮುಟ್ಟಲ್ಲ. ನೀವು ವ್ರತ ಅಂದ್ರಿ. ಕೇಳೋಕೆ ಚೆನ್ನಾಗಿತ್ತು, ನಾನೂ ಸುಮ್ಮನಿದ್ದೆ.”

ಶಾಂತಮಲ್ಲ ಬಾಯಿ ಬಿಟ್ಟುಕೊಂಡು ಗುರುವನ್ನೇ ನೋಡುತ್ತಿದ್ದ. ಶಿವರುದ್ರ ನೆಲ ನೋಡುತ್ತಿದ್ದ.

“ಎಳ್ಳು ಕೆಟ್ಟದ್ದಾ ಕೆಂಪಾಜಮ್ಮ?”

“ಬುಡ್ತು ಅನ್ನಿ ಬುದ್ಧಿ. ದೇವರಿಗೇ ದೀಪ ಹಚ್ಚೋ ಎಣ್ಣೆ.”

“ನನ್ನ ಮೈ ಪಾಪದ್ದಾ?”

ಕೆಂಪಾಜಮ್ಮ ಎರಡೂ ಕಿವಿ ಮುಚ್ಚಿಕೊಂಡಳು.

“ಕಿವಿ ಮುಚ್ಕೋಬೇಡ, ಕೇಳಿಸ್ಕೊ. ನನ್ನ ಮೈ ಒಲ್ಲೆ ಅಂದ್ರೆ ವ್ರತ ಅಂತ ಕಾಲಿಗೆ ಬೀಳ್ತೀರಿ. ಇವಳ ಮೈ ಒಲ್ಲೆ ಅಂದ್ರೆ ಪಾಪ ಅಂತ ಗಂಟು ಕಟ್ಟಿಸ್ತೀರಿ.”

ಬಾಗಿಲಲ್ಲಿದ್ದವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಒಳಗೆ ಅನ್ನ ಉಕ್ಕಿ ಒಲೆಗೆ ಚೆಲ್ಲಿತು. ಮಾದೇವಿ ಓಡಿ ಹೋಗಿ ಮುಚ್ಚಳ ತೆಗೆದಳು. ಗಂಡ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ. ಅಷ್ಟು ಹೊತ್ತಿನಲ್ಲಿ ಅವನು ಮಾಡಿದ ಕೆಲಸ ಅದೊಂದೇ.

ಶಾಂತಮಲ್ಲ ತಂಬಿಗೆಯಲ್ಲಿ ನೀರು ತಂದು, ಸೀಗೆಪುಡಿ ಹಾಕಿ ಗುರುವಿನ ತೋಳು ತೊಳೆಯಲು ಕೂತ. ತೊಳೆಯುವ ಮುಂಚೆ ಕೈ ತಡೆದು, ಕೇಳಿದ.

“ಬುದ್ಧಿ, ಸೀಗೆ ನಿಮಗೆ ಒಗ್ಗುತ್ತಾ?”

“ಒಗ್ಗುತ್ತೆ,” ಅಂದರು ಗುರು. ಆ ದಿನ ಮೊದಲ ಸಲ ನಕ್ಕರು.

ಕೆಂಪಾಜಮ್ಮ ಸೊಸೆಯ ಗಂಟನ್ನು ಹತ್ತಿರಕ್ಕೆ ಎಳೆದುಕೊಂಡು, ಗಂಟಿನ ಮೇಲೆ ಕೈ ಇಟ್ಟಳು. ಆದರೂ ಅವಳಿಗೆ ಒಂದು ಮುಳ್ಳು ಉಳಿದಿತ್ತು. ತಲೆತಲಾಂತರದಿಂದ ನಡೆದುಕೊಂಡು ಬಂದ ಸೇವೆ, ಅದಕ್ಕೆ ಚ್ಯುತಿ ಬಂದರೆ ಅವಳು ಸತ್ತ ಮೇಲೂ ಹಿರಿಯರಿಗೆ ಮುಖ ತೋರಿಸುವ ಹಾಗಿರಲಿಲ್ಲ.

“ಬುದ್ಧಿ, ಇವಳು ಇಲ್ಲೇ ಇರ್ಲಿ. ಸೇವಂತಿಗೆ ನಾನು ಕಟ್ತೀನಿ. ಇವಳು ಯಾವ ಹೂವು ಕಟ್ಟಬೌದು?”

“ಅವಳನ್ನೇ ಕೇಳು.”

ಕೆಂಪಾಜಮ್ಮ ತಿರುಗಿ ಸೊಸೆಯ ಮುಖ ನೋಡಿದಳು. ಬಹುಶಃ ಆ ಮನೆಗೆ ಬಂದ ಮೇಲೆ ಅವಳನ್ನು ಯಾರೂ ಏನನ್ನೂ ಕೇಳಿರಲಿಲ್ಲ.

“ಮಲ್ಲಿಗೆ ಏನೂ ಮಾಡಲ್ಲ ಅತ್ತೆ,” ಅಂದಳು ಮಾದೇವಿ. “ಕನಕಾಂಬರವೂ ಏನೂ ಮಾಡಲ್ಲ.”

“ಕಟ್ಟು ಮತ್ತೆ.” ಅಂದವಳೇ ಕೆಂಪಾಜಮ್ಮ ಮತ್ತೆ ಗುರುವಿನ ಕಡೆ ತಿರುಗಿದಳು. ದನಿ ಇಳಿದಿತ್ತು. “ಬುದ್ಧಿ, ಒಂದೇ ಒಂದು ಮಾತು. ತನ್ನ ಹೂವನ್ನೇ ಒಲ್ಲದ ಮೈಯನ್ನ ಅಮ್ಮ ಒಪ್ಕೊತಾಳಾ?”

ಗುರು ಊದಿದ ತೋಳನ್ನು ಮಡಿಲಲ್ಲಿ ಇಟ್ಟುಕೊಂಡು ಹೇಳಿದರು.

“ಎಳ್ಳು ಒಲ್ಲದ ನನ್ನನ್ನ ಇಷ್ಟು ವರ್ಷ ನೀವೇ ಒಪ್ಕೊಂಡಿದ್ದೀರಿ. ಆ ತಾಯಿ ನಿಮಗಿಂತ ಕಡೆಯಾ?”